ವೇಶ್ಯಾವೃತ್ತಿಗೆ ಲೈಸೆನ್ಸ್ ಕೊಟ್ರ ಏನಾಗತೈತ್ರಿ? ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಕಾಲೇಜುಗಳ ಚರ್ಚಾಸ್ಪರ್ಧೆಗಳಿಗೆ ಇದು ಹಳೆಯ ವಿಷಯ. ಪರವಾಗಿ ಮಾತಾಡುವವರು ಜರ್ಮನಿ, ನೆದರ್ಲೆಂಡ್ಸ್ ಎನ್ನುತ್ತಾರೆ, ವಿರೋಧಿಸುವವರು ಸಂಸ್ಕೃತಿ ಎನ್ನುತ್ತಾರೆ, ಚಪ್ಪಾಳೆ ಬಿದ್ದು ಮುಗಿಯುತ್ತದೆ. ಕಾಯ್ದೆಯಲ್ಲಿ ನಿಜಕ್ಕೂ ಏನಿದೆ, ಅದು ಹುಬ್ಬಳ್ಳಿಯ ಲಾಡ್ಜಿಗೆ, ಗದಗಿನ ಬಾಡಿಗೆ ಮನೆಗೆ, ಹಾವೇರಿಯ ಹೆದ್ದಾರಿಗೆ ಇಳಿದಾಗ ಏನಾಗುತ್ತದೆ ಎಂಬುದನ್ನು ಇಬ್ಬರೂ ಬಿಟ್ಟುಬಿಡುತ್ತಾರೆ. ಕಾನೂನು ಅರಿವಿನ ಸಭೆಗಳಲ್ಲಿ, ಚಹಾದಂಗಡಿಯಲ್ಲಿ ಜನ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಇದೆ. ಈಗಲೇ ಹೇಳಿಬಿಡುತ್ತೇನೆ: ವಯಸ್ಕ ಹೆಣ್ಣುಮಗಳ ಮೇಲಿನ ಕೇಸು ಹೋಗಬೇಕು, ಆದರೆ ಅದರ ಜಾಗಕ್ಕೆ ಲೈಸೆನ್ಸು ಬರಬಾರದು.

ಈಗಿನ ಕಾನೂನಿನಾಗ ಇದು ಅಪರಾಧ ಹೌದೋ ಅಲ್ಲೋ? ಒಂದ ಮಾತಿನಾಗ ಹೇಳ್ರಿ.

ಅಲ್ಲ. ವಯಸ್ಕಳೊಬ್ಬಳು ತನ್ನ ಒಪ್ಪಿಗೆಯಿಂದ, ಖಾಸಗಿಯಾಗಿ, ಒಬ್ಬಳೇ ದುಡ್ಡು ಪಡೆದು ಸಂಬಂಧ ಇಟ್ಟುಕೊಂಡರೆ ಅಷ್ಟಕ್ಕೇ ಶಿಕ್ಷೆ ಕೊಡುವ ಕಲಂ ಇಲ್ಲ. 2020ರ ಸೆಪ್ಟೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಮೂವರು ಯುವತಿಯರನ್ನು ಬಿಡುಗಡೆ ಮಾಡುವಾಗ ಇದನ್ನೇ ಹೇಳಿತು.

ಹಂಗಾದ್ರ ರೇಡ್ ಯಾಕ ಮಾಡ್ತಾರ? ಪೇಪರಿನಾಗ ದಿನಾ ಬರತೈತಲ್ಲ.

ಕೆಲಸ ಅಪರಾಧವಲ್ಲ, ಆದರೆ ಆ ಕೆಲಸದ ಸುತ್ತ ಇರುವ ಎಲ್ಲವೂ ಅಪರಾಧ. ಪೊಲೀಸರು ‘ಪಿಟಾ ಕೇಸ್’ ಎನ್ನುವುದು 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯನ್ನು. 1950ರಲ್ಲಿ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ ಸಹಿ ಹಾಕಿದ್ದರ ಫಲ ಅದು. 1986ರ ತಿದ್ದುಪಡಿಯಲ್ಲಿ ಈಗಿನ ಹೆಸರು ಬಂತು.

ಅದರ ಕೆಲವು ಕಲಂಗಳನ್ನು ಬಿಡಿಸಿ ನೋಡಬೇಕು. 3ನೇ ಕಲಂ ವೇಶ್ಯಾಗೃಹ ನಡೆಸುವವರಿಗೆ, ಅದಕ್ಕೆ ಜಾಗ ಕೊಟ್ಟವರಿಗೆ ಶಿಕ್ಷೆ ಹೇಳುತ್ತದೆ. ಸರಿಯಾಗೇ ಇದೆ ಅನ್ನಿಸುತ್ತದೆ, ವೇಶ್ಯಾಗೃಹ ಎಂದರೇನು ಎಂದು 2ನೇ ಕಲಂನಲ್ಲಿ ಓದುವ ತನಕ. ಇನ್ನೊಬ್ಬರ ಲಾಭಕ್ಕಾಗಿ ನಡೆಯುವ ಜಾಗವಷ್ಟೇ ಅಲ್ಲ, ಇಬ್ಬರು ಹೆಂಗಸರು ತಮ್ಮಿಬ್ಬರ ಲಾಭಕ್ಕೆ ಬಳಸುವ ಕೋಣೆಯೂ ವೇಶ್ಯಾಗೃಹವೇ. ರಾತ್ರಿ ಹೊತ್ತು ಒಬ್ಬಳಿಗೊಬ್ಬಳು ಕಾವಲಾಗಿರಲಿ ಎಂದು ಇಬ್ಬರು ಒಟ್ಟಿಗಿದ್ದರೆ, ಆ ಜೊತೆಗಾರಿಕೆಯೇ ಅಪರಾಧವಾಗುತ್ತದೆ.

4ನೇ ಕಲಂ ಆಕೆಯ ದುಡಿಮೆಯಲ್ಲಿ ಬದುಕುವ, 18 ದಾಟಿದ ಯಾರಿಗಾದರೂ ಅನ್ವಯಿಸುತ್ತದೆ. ದಲ್ಲಾಳಿಯನ್ನು ಹಿಡಿಯಲೆಂದು ಬರೆದದ್ದು. ಆದರೆ ಆಕೆಯ ಜೊತೆ ವಾಸಿಸುವವರೆಲ್ಲ ಆಕೆಯ ಗಳಿಕೆ ತಿನ್ನುವವರೇ ಎಂದು ಮೊದಲೇ ಊಹಿಸುವ ಅವಕಾಶವೂ ಅದರಲ್ಲಿದೆ. ಹಾಸಿಗೆ ಹಿಡಿದ ತಾಯಿ, ಡಿಗ್ರಿ ಓದುತ್ತಿರುವ ಮಗ ‘ನಾವು ಅಪರಾಧಿಗಳಲ್ಲ’ ಎಂದು ತಾವೇ ತೋರಿಸಬೇಕು.

7ನೇ ಕಲಂ ಸಾರ್ವಜನಿಕ ಸ್ಥಳಕ್ಕೆ ಸಂಬಂಧಿಸಿದ್ದು. ಪೂಜಾಸ್ಥಳ, ಶಾಲೆ ಕಾಲೇಜು, ಆಸ್ಪತ್ರೆಗಳಿಂದ 200 ಮೀಟರಿನೊಳಗೆ ನಡೆದರೆ ಮೂರು ತಿಂಗಳವರೆಗೆ ಜೈಲು. ಧಾರವಾಡದ ನಕಾಶೆ ತೆಗೆದು ಪ್ರತಿ ಗುಡಿ, ಮಠ, ಮಸೀದಿ, ಚರ್ಚು, ಕನ್ನಡ ಶಾಲೆ, ಕಾಲೇಜು, ನರ್ಸಿಂಗ್ ಹೋಮ್ ಸುತ್ತ 200 ಮೀಟರಿನ ವೃತ್ತ ಎಳೆದು ನೋಡಿ. ಉಳಿಯುವುದು ಕೆಲಗೇರಿ ಕೆರೆಯ ನೀರಷ್ಟೇ ಇರಬಹುದು.

8ನೇ ಕಲಂ ಗಿರಾಕಿಯನ್ನು ಕರೆಯುವುದಕ್ಕೆ. ಮೊದಲ ಸಲ ಸಿಕ್ಕ ಹೆಂಗಸಿಗೆ ಆರು ತಿಂಗಳವರೆಗೆ ಜೈಲು. ಅದೇ ತಪ್ಪನ್ನು ಗಂಡಸು ಮಾಡಿದರೆ ಗರಿಷ್ಠ ಮೂರು ತಿಂಗಳು. ಈ ಲೆಕ್ಕ ಯಾವ ನ್ಯಾಯದ್ದು ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. 20ನೇ ಕಲಂನಡಿ ಮ್ಯಾಜಿಸ್ಟ್ರೇಟರು ಆಕೆಯನ್ನು ಊರು ಬಿಟ್ಟು ಹೋಗು ಎಂದೂ ಆದೇಶಿಸಬಹುದು.

2022ರಾಗ ಸುಪ್ರೀಂ ಕೋರ್ಟು ಇದನ್ನ ಲೀಗಲ್ ಮಾಡೇತಿ ಅಂತ ವಾಟ್ಸಾಪಿನಾಗ ಬಂದಿತ್ತು.

ವಾಟ್ಸಾಪಿನಲ್ಲಿ ಬಂದದ್ದು ಅರ್ಧ ಸತ್ಯ. ಬುದ್ಧದೇವ ಕರ್ಮಾಸ್ಕರ್ ಪ್ರಕರಣ ಶುರುವಾದದ್ದು ಕೋಲ್ಕತಾದಲ್ಲಿ 1999ರಲ್ಲಿ ನಡೆದ ಒಬ್ಬ ಲೈಂಗಿಕ ಕಾರ್ಯಕರ್ತೆಯ ಕೊಲೆಯಿಂದ. 2011ರಲ್ಲಿ ಕೊಲೆಗಾರನ ಮೇಲ್ಮನವಿಯನ್ನು ವಜಾ ಮಾಡಿದ ಕೋರ್ಟು, ಇಂಥ ಹೆಂಗಸರ ಬದುಕು ಸುಧಾರಿಸುವುದು ಹೇಗೆ ಎಂದು ತಿಳಿಯಲು ಹಿರಿಯ ವಕೀಲ ಪ್ರದೀಪ್ ಘೋಷ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. ಆ ಸಮಿತಿಯ ಶಿಫಾರಸುಗಳ ಮೇಲೆ 2022ರ ಮೇ 19ರಂದು ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ಅವರ ಪೀಠ ಆದೇಶ ಕೊಟ್ಟಿತು.

ಶಿಫಾರಸುಗಳು ಹತ್ತು. ಅದರಲ್ಲಿ ಆರನ್ನು ಕೇಂದ್ರ ಸರ್ಕಾರ ಒಪ್ಪಿತ್ತು, ಅವುಗಳನ್ನು ಕಟ್ಟುನಿಟ್ಟಾಗಿ ಪಾಲಿಸಿ ಎಂದು ಕೋರ್ಟು ಹೇಳಿತು. ಲೈಂಗಿಕ ದೌರ್ಜನ್ಯಕ್ಕೊಳಗಾದ ಕಾರ್ಯಕರ್ತೆಗೆ ಬೇರೆ ಯಾವ ಹೆಣ್ಣಿಗೂ ಸಿಗುವ ವೈದ್ಯಕೀಯ ನೆರವು ಸಿಗಬೇಕು, ಮಹಿಳೆಯರನ್ನು ಇಟ್ಟ ಆಶ್ರಯಧಾಮಗಳ ಸಮೀಕ್ಷೆ ಆಗಬೇಕು, ಪೊಲೀಸರು ಮರ್ಯಾದೆಯಿಂದ ನಡೆದುಕೊಳ್ಳಬೇಕು, ಮಾಧ್ಯಮದವರು ಆಕೆಯ ಗುರುತು ಬಯಲು ಮಾಡಬಾರದು, ಕಾಂಡೋಮನ್ನು ಅಪರಾಧದ ಸಾಕ್ಷ್ಯ ಮಾಡಬಾರದು, ಕಾನೂನು ಸೇವಾ ಪ್ರಾಧಿಕಾರಗಳು ಹಕ್ಕುಗಳ ತಿಳಿವಳಿಕೆ ಕೊಡಬೇಕು. ಇವಿಷ್ಟು.

‘ಸ್ವಇಚ್ಛೆಯ ವಯಸ್ಕಳನ್ನು ಬಂಧಿಸಬಾರದು’ ಎಂಬ ಶಿಫಾರಸು, ಎಲ್ಲರೂ ಫಾರ್ವರ್ಡ್ ಮಾಡಿದ್ದು, ಉಳಿದ ನಾಲ್ಕರಲ್ಲಿತ್ತು. ಅದಕ್ಕೆ ಕೇಂದ್ರದ ತಕರಾರಿತ್ತು, ಹಾಗಾಗಿ ಅದು ಆ ದಿನ ಆದೇಶವಾಗಲಿಲ್ಲ. ಕಾಯ್ದೆಯ ಒಂದು ಕಲಮೂ ಅಳಿಸಿಹೋಗಲಿಲ್ಲ. ಯಾವ ವೃತ್ತಿಯವರಿಗೇ ಆಗಲಿ ಸಂವಿಧಾನದ 21ನೇ ವಿಧಿಯಡಿ ಘನತೆಯಿಂದ ಬಾಳುವ ಹಕ್ಕಿದೆ ಎಂದು ಪೀಠ ಹೇಳಿದ್ದು ಮಾತ್ರ ನಿಜ, ಅದು ಸಣ್ಣ ಮಾತಲ್ಲ.

ಅಪರಾಧಮುಕ್ತ ಮಾಡೂದು, ಲೈಸೆನ್ಸ್ ಕೊಡೂದು ಎಲ್ಲಾ ಒಂದ ಅಲ್ಲೇನ್ರಿ?

ಇಲ್ಲಿಯೇ ಚರ್ಚೆ ಹಳಿ ತಪ್ಪುವುದು. ಜಗತ್ತಿನಲ್ಲಿ ಈಗ ಮುಖ್ಯವಾಗಿ ಮೂರು ದಾರಿಗಳಿವೆ.

ಜರ್ಮನಿ, ನೆದರ್ಲೆಂಡ್ಸ್‌ನದು ಕಾನೂನುಬದ್ಧ ಮಾಡಿ ನಿಯಂತ್ರಿಸುವ ದಾರಿ. ನೆದರ್ಲೆಂಡ್ಸ್ 2000ದಲ್ಲಿ ವೇಶ್ಯಾಗೃಹದ ಮೇಲಿನ ನಿಷೇಧ ತೆಗೆಯಿತು. ಜರ್ಮನಿ 2002ರಲ್ಲಿ ಕಾಯ್ದೆ ತಂದು, 2017ರಲ್ಲಿ ಇನ್ನೊಂದು ಕಾಯ್ದೆಯಿಂದ ಪ್ರತಿಯೊಬ್ಬಳೂ ಹೆಸರು ನೋಂದಾಯಿಸಬೇಕು ಎಂದಿತು. ಪರವಾನಗಿ ಇದ್ದರೆ ಸಕ್ರಮ, ಇಲ್ಲದಿದ್ದರೆ ಮತ್ತೆ ಅಕ್ರಮ.

ಸ್ವೀಡನ್ನಿನದು ಮಾರುವವಳಿಗೆ ಶಿಕ್ಷೆ ಇಲ್ಲ, ಕೊಳ್ಳುವವನಿಗೆ ಶಿಕ್ಷೆ ಎಂಬ ದಾರಿ, 1999ರ ಜನವರಿ 1ರಿಂದ. ನಾರ್ವೆ 2009ರಲ್ಲಿ, ಫ್ರಾನ್ಸ್ 2016ರಲ್ಲಿ ಅದನ್ನು ಹಿಡಿದವು.

ನ್ಯೂಜಿಲೆಂಡಿನದು ಅಪರಾಧಮುಕ್ತಗೊಳಿಸುವ ದಾರಿ. 2003ರಲ್ಲಿ ಅಲ್ಲಿನ ಸಂಸತ್ತು 60ಕ್ಕೆ 59 ಮತಗಳಿಂದ, ಒಂದೇ ಮತದ ಅಂತರದಲ್ಲಿ, ಕಾಯ್ದೆ ಪಾಸು ಮಾಡಿತು. ಒಬ್ಬೊಬ್ಬ ಹೆಂಗಸಿಗೆ ಲೈಸೆನ್ಸು ಇಲ್ಲ. ನಾಲ್ವರವರೆಗೆ ಒಟ್ಟಿಗೆ ಸೇರಿ ಯಾರ ಅಪ್ಪಣೆಯೂ ಇಲ್ಲದೆ ಕೆಲಸ ಮಾಡಬಹುದು, ಅದಕ್ಕಿಂತ ದೊಡ್ಡದಾಗಿ ನಡೆಸುವವನು ಪ್ರಮಾಣಪತ್ರ ಪಡೆಯಬೇಕು. ನಮ್ಮಲ್ಲಿ ಇಬ್ಬರಾದರೆ ವೇಶ್ಯಾಗೃಹ, ಅಲ್ಲಿ ನಾಲ್ವರು ಜೊತೆಗಾರ್ತಿಯರು. ಒತ್ತಾಯಪಡಿಸುವವರಿಗೆ, 18ರ ಒಳಗಿನವರನ್ನು ಬಳಸುವವರಿಗೆ ಅಲ್ಲಿಯೂ ಜೈಲೇ. 2008ರಲ್ಲಿ ಪರಿಶೀಲನಾ ಸಮಿತಿ ಲೆಕ್ಕ ಹಾಕಿದಾಗ ಈ ಕೆಲಸದಲ್ಲಿರುವವರ ಸಂಖ್ಯೆ ಹೆಚ್ಚಿರಲಿಲ್ಲ, ಬೇಡವಾದ ಗಿರಾಕಿಗೆ ಒಲ್ಲೆ ಎನ್ನುವುದು ಸಲೀಸಾಗಿದೆ ಎಂದು ಬಹಳ ಮಂದಿ ಹೇಳಿದ್ದರು. 2014ರಲ್ಲಿ ಅಲ್ಲಿನ ಮಾನವ ಹಕ್ಕುಗಳ ನ್ಯಾಯಮಂಡಳಿ, ಮಾಲೀಕನ ಲೈಂಗಿಕ ಕಿರುಕುಳದ ವಿರುದ್ಧ ದೂರು ಕೊಟ್ಟ ಕಾರ್ಯಕರ್ತೆಗೆ 25,000 ಡಾಲರ್ ಪರಿಹಾರ ಕೊಡಿಸಿತು. ಹುಬ್ಬಳ್ಳಿಯಲ್ಲಿ ಒಬ್ಬಳು ಇಂಥ ದೂರು ಹಿಡಿದು ಠಾಣೆಗೆ ಹೋದರೆ ಮೊದಲು ಕೇಳುವ ಪ್ರಶ್ನೆ ಏನಿರುತ್ತದೆ, ನೀವೇ ಊಹಿಸಿ.

ಆ ಕಾಯ್ದೆಗೂ ಒಂದು ಕಲೆ ಇದೆ: ತಾತ್ಕಾಲಿಕ ವೀಸಾದ ಮೇಲೆ ಬಂದ ವಿದೇಶಿ ಹೆಂಗಸರಿಗೆ ಆ ರಕ್ಷಣೆ ಇಲ್ಲ.

ಹುಬ್ಬಳ್ಳಿಯಾಗ ಒಂದು ಏರಿಯಾ ಗೊತ್ತುಮಾಡಿ, ಕಾರ್ಪೊರೇಷನ್ನಿಂದ ಲೈಸೆನ್ಸ್ ಕೊಟ್ಟುಬಿಟ್ರ ಏನು ತ್ರಾಸು?

ಅತಿ ಹೆಚ್ಚು ಬರುವ ಪ್ರಶ್ನೆ ಇದು, ಕೇಳುವವರು ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ಮನಸ್ಸಿನಲ್ಲಿರುವುದು ಮುಂಬೈನ ಕಾಮಾಠಿಪುರ ಅಥವಾ ಕೋಲ್ಕತಾದ ಸೋನಾಗಾಚಿ. ಒಂದು ಬೀದಿ, ಸಾಲು ಮನೆಗಳು, ಬಾಗಿಲಲ್ಲಿ ನಿಂತವರು. ನಮ್ಮ ಕಡೆ ಧಂದೆ ನಡೆಯುವುದು ಹಾಗಲ್ಲ. ಚದುರಿಕೊಂಡು, ಮುಚ್ಚಿಕೊಂಡು, ಮೊಬೈಲ್ ಬಂದ ಮೇಲಂತೂ ಪೂರಾ ಫೋನಿನ ಮೇಲೆ. ಲಾಡ್ಜು, ಗೆಳತಿಯ ಮನೆ, ಹೆದ್ದಾರಿಯ ಢಾಬಾದ ಹಿಂಭಾಗ.

ಗದಗ ಜಿಲ್ಲೆಯ ಒಂದು ಹಳ್ಳಿಯ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ಗಂಡ ಬಿಟ್ಟು ಹೋಗಿದ್ದಾನೆ, ಮಳೆ ಕೈಕೊಟ್ಟ ವರ್ಷ, ಮೆಣಸಿನಕಾಯಿ ಬಿಡಿಸುವ ಕೂಲಿಯೂ ಸಿಕ್ಕಿಲ್ಲ. ವಾರಕ್ಕೆ ಎರಡು ದಿನ ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಬಂದು ಸಂಜೆ ಬಸ್ಸಿಗೆ ಮರಳುತ್ತಾಳೆ. ಮನೆಯಲ್ಲಿ ಹೇಳಿರುವುದು ಗಾರ್ಮೆಂಟ್ಸು, ಇಲ್ಲವೇ ಆಸ್ಪತ್ರೆಯಲ್ಲಿ ಆಯಾ ಕೆಲಸ. ಆಕೆಯ ಬದುಕು ನಿಂತಿರುವುದೇ ಊರಲ್ಲಿ ಯಾರಿಗೂ ಗೊತ್ತಿಲ್ಲ ಎಂಬುದರ ಮೇಲೆ. ಆಕೆಗೆ ನೀವು ಕೊಡಹೊರಟಿರುವುದು ಫೋಟೋ ಅಂಟಿಸಿದ ಕಾರ್ಡು, ರಿಜಿಸ್ಟರಿನಲ್ಲಿ ಹೆಸರು, ಗುರುತು ಮಾಡಿದ ಓಣಿಯಲ್ಲಿ ಕೋಣೆ. ತೆಗೆದುಕೊಳ್ಳುತ್ತಾಳೆಯೇ? ಆ ರಿಜಿಸ್ಟರ್ ಇರುವ ಕಚೇರಿಯಲ್ಲಿ ಆಕೆಯ ಊರಿನವನೊಬ್ಬ ಗುಮಾಸ್ತ ಇರಲೇಬೇಕು, ನಮ್ಮ ಜಿಲ್ಲೆಗಳು ಅಷ್ಟೇ ದೊಡ್ಡವು. ಆಕೆ ಹೆಸರು ಬರೆಸುವುದಿಲ್ಲ. ಬರೆಸದಿದ್ದ ಮೇಲೆ ಮತ್ತೆ ಅಕ್ರಮ, ಮತ್ತೆ ರೇಡ್, ಮತ್ತೆ ಮಾಮೂಲಿ. ಲೈಸೆನ್ಸ್ ಸಿಗುವುದು ಕೋಣೆ ಬಾಡಿಗೆಗೆ ಹಿಡಿಯಬಲ್ಲ, ಅರ್ಜಿ ತುಂಬಿಸಬಲ್ಲ, ಮೇಲಿನವರ ಪರಿಚಯವಿರುವ, ವೇಶ್ಯಾಗೃಹ ನಡೆಸುವ ಘರವಾಲಿಗೆ ಮತ್ತು ಆಕೆಯ ಹಿಂದಿರುವ ಗಂಡಸಿಗೆ. ಜರ್ಮನಿಯಲ್ಲಿಯೂ ನೋಂದಣಿ ಕಡ್ಡಾಯವಾದ ಮೇಲೆ ಹೆಸರು ಬರೆಸಿದವರು ಅಂದಾಜಿನ ಒಂದು ಪಾಲು ಮಾತ್ರ. ಅಲ್ಲಿ ಊರಿನವರ ಹೆದರಿಕೆ ನಮ್ಮಷ್ಟಿಲ್ಲ.

ನೋಂದಣಿಯ ಅನುಭವ ಈ ನೆಲಕ್ಕೆ ಹೊಸದೂ ಅಲ್ಲ. ಬ್ರಿಟಿಷರು 1864ರ ಕಂಟೋನ್ಮೆಂಟ್ ಕಾಯ್ದೆ, 1868ರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದು, ಸಿಪಾಯಿಗಳಿಗೆ ರೋಗ ಬರಬಾರದೆಂದು ಹೆಂಗಸರ ಹೆಸರು ಪಟ್ಟಿ ಮಾಡಿ, ಬಲವಂತದ ತಪಾಸಣೆ ಮಾಡಿ, ರೋಗವಿದ್ದವರನ್ನು ಕೂಡಿಹಾಕುತ್ತಿದ್ದರು. ಸಿಪಾಯಿಗೆ ತಪಾಸಣೆ ಇರಲಿಲ್ಲ. ಹೆಂಗಸರು ತಪ್ಪಿಸಿಕೊಂಡು ಓಡಿದರು, ರೋಗ ಹೋಗಲಿಲ್ಲ, ಬೈಗುಳ ಬಂತು, 1888ರಲ್ಲಿ ರದ್ದು ಮಾಡಿದರು.

2022ರ ಆದೇಶದಲ್ಲಿ ಸುಪ್ರೀಂ ಕೋರ್ಟು ಈ ಸೂಕ್ಷ್ಮವನ್ನು ಸರಿಯಾಗಿ ಹಿಡಿದಿದೆ. ವಿಳಾಸದ ದಾಖಲೆ ಇಲ್ಲದ ಕಾರ್ಯಕರ್ತೆಯರಿಗೆ ಏಡ್ಸ್ ನಿಯಂತ್ರಣ ಸಂಸ್ಥೆಯ ಅಧಿಕಾರಿಯ ಪ್ರಮಾಣಪತ್ರದ ಮೇಲೆ ಆಧಾರ್ ಕೊಡಿ ಎಂದಿತು. ಜೊತೆಗೇ, ಆಧಾರ್ ನೋಂದಣಿ ಸಂಖ್ಯೆಯಲ್ಲಿ ಆಕೆ ಲೈಂಗಿಕ ಕಾರ್ಯಕರ್ತೆ ಎಂದು ಗುರುತಿಸುವ ಯಾವ ಕೋಡೂ ಇರಬಾರದು ಎಂದಿತು. ಸೌಲಭ್ಯ ತಲುಪಬೇಕು, ಪಟ್ಟಿ ಹೊರಬೀಳಬಾರದು. ಲೈಸೆನ್ಸ್ ಪದ್ಧತಿ ಇದಕ್ಕೆ ಪೂರಾ ತಿರುಗುಮುರುಗು.

ಆದ್ರೂ ತಿಂಗಳಿಗೊಮ್ಮೆ ಎಚ್‌ಐವಿ ಟೆಸ್ಟ್ ಕಡ್ಡಾಯ ಮಾಡಬೇಕಲ್ರೀ?

2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಒಪ್ಪಿಗೆಯಿಲ್ಲದೆ ಯಾರನ್ನೂ ಪರೀಕ್ಷೆ ಮಾಡಬಾರದು, ಫಲಿತಾಂಶ ಬಯಲು ಮಾಡಬಾರದು ಎನ್ನುತ್ತದೆ. 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಹಾಗಾಗಿ ಕಡ್ಡಾಯದ ಮಾತು ಕಾನೂನಿನಲ್ಲೇ ನಿಲ್ಲುವುದಿಲ್ಲ.

ಕೆಲಸಕ್ಕೂ ಬಾರದು. ಕರ್ನಾಟಕದಲ್ಲಿ ಎಚ್‌ಐವಿ ಇಳಿದದ್ದು ಪೊಲೀಸರ ಲಾಠಿಯಿಂದಲ್ಲ. 2003ರ ನಂತರ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ‘ಆವಾಹನ್’ ಎಂಬ ದೊಡ್ಡ ಕಾರ್ಯಕ್ರಮ ನಡೆಯಿತು. ಅದೇ ಕೆಲಸದಲ್ಲಿದ್ದ ಹೆಂಗಸರೇ ಪೀರ್‌ಗಳಾಗಿ ಕಾಂಡೋಮ್ ಹಂಚಿದರು, ಜೊತೆಗಾರ್ತಿಯರನ್ನು ಆಸ್ಪತ್ರೆಗೆ ಕರೆತಂದರು. ಅವರ ಚೀಲದಲ್ಲಿ ಕಾಂಡೋಮ್ ಸಿಕ್ಕರೆ ಅದೇ ಸಾಕ್ಷಿ ಎಂದು ಹಿಡಿದ ಕಡೆಗಳಲ್ಲಿ ಕೆಲಸ ನಿಂತಿತು. 2014ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಅಧ್ಯಯನವೊಂದು, ಈ ಕೆಲಸವನ್ನು ಅಪರಾಧಮುಕ್ತ ಮಾಡಿದರೆ ಹತ್ತು ವರ್ಷದಲ್ಲಿ ಹೊಸ ಎಚ್‌ಐವಿ ಸೋಂಕಿನ 33ರಿಂದ 46 ಪ್ರತಿಶತ ತಪ್ಪಿಸಬಹುದು ಎಂದು ಅಂದಾಜಿಸಿತ್ತು.

ಗಿರಾಕಿಗೆ ತಿಂಗಳ ಟೆಸ್ಟ್ ಕಡ್ಡಾಯ ಮಾಡಿ ಎಂದು ಈತನಕ ಸಭೆಯಲ್ಲಿ ಯಾರೂ ಎದ್ದು ಕೇಳಿಲ್ಲ.

ಗಿರಾಕಿಯನ್ನ ಜೈಲಿಗೆ ಹಾಕಿದ್ರ ಧಂದೇನ ನಿಂತುಬಿಡತೈತಲ್ಲ, ಸ್ವೀಡನ್ನಿನಂಗ?

ಕೇಳಲು ನ್ಯಾಯವಾಗೇ ಇದೆ. ನಮ್ಮಲ್ಲೂ 2006ರಲ್ಲಿ ಇಂಥ ತಿದ್ದುಪಡಿ ಮಸೂದೆ ಸಂಸತ್ತಿಗೆ ಬಂದು, ಪಾಸಾಗದೆ ಬಿದ್ದುಹೋಯಿತು. ಈಗ ಕರ್ನಾಟಕ ಹೈಕೋರ್ಟಿನ ಹಲವು ತೀರ್ಪುಗಳ ಪ್ರಕಾರ ಬರೀ ಗಿರಾಕಿಯಾಗಿ ಸಿಕ್ಕವನ ಮೇಲೆ 3, 4, 5, 6ನೇ ಕಲಂ ನಿಲ್ಲುವುದಿಲ್ಲ. ಆದರೆ ಮಾನವ ಕಳ್ಳಸಾಗಣೆಯಾಗಿ ಬಂದವಳೆಂದು ಗೊತ್ತಿದ್ದೂ ಬಳಸಿಕೊಂಡವನಿಗೆ ಭಾರತೀಯ ನ್ಯಾಯ ಸಂಹಿತೆಯ 144ನೇ ಕಲಂನಡಿ ಜೈಲಿದೆ. ಅದು ಇರಲೇಬೇಕು.

ಎಲ್ಲ ಗಿರಾಕಿಗಳನ್ನೂ ಅಪರಾಧಿ ಮಾಡಿದರೆ ಆಗುವುದು ಏನು? ಹೆದರಿದ ಗಿರಾಕಿ ಕತ್ತಲಿಗೆ ಕರೆಯುತ್ತಾನೆ. ಜನರಿರುವ ಲಾಡ್ಜು ಬಿಟ್ಟು ಬೈಪಾಸ್ ಆಚೆ ಬಾ ಎನ್ನುತ್ತಾನೆ. ಅವನು ಎಂಥವನು ಎಂದು ಎರಡು ಮಾತಾಡಿ ಅಳೆಯಲು ಆಕೆಗೆ ಸಮಯವಿರುವುದಿಲ್ಲ. ಲಾಭ ಹೊಡೆಯುವವನು ಮಧ್ಯದ ದಲ್ಲಾಳಿ, ಏಕೆಂದರೆ ಇಬ್ಬರಿಗೂ ಅವನೇ ಬೇಕು.

ಬಿಡುವು ಕೊಟ್ರ ಹುಡುಗ್ಯಾರನ್ನ ಮಾರೋ ಜಾಲ ಇನ್ನೂ ಬೆಳೀತೈತಿ. ಇದಕ್ಕೇನಂತೀರಿ?

ವಿರೋಧಿಗಳ ಮಾತುಗಳಲ್ಲಿ ತೂಕವಿರುವುದು ಇದಕ್ಕೆ. ಜರ್ಮನಿಯಲ್ಲಿ ದೊಡ್ಡ ವೇಶ್ಯಾಗೃಹಗಳು ಬೆಳೆದು, ಪೂರ್ವ ಯುರೋಪಿನ ಬಡ ಹುಡುಗಿಯರನ್ನು ತಂದು ಕೂರಿಸಿದ ಪ್ರಕರಣಗಳು ನಡೆದಿವೆ. ನನಗೆ ಲೈಸೆನ್ಸ್ ಮೇಲೆ ಸಿಟ್ಟಿರುವುದಕ್ಕೆ ಅದೂ ಒಂದು ಕಾರಣ.

ಆದರೆ ನಮ್ಮ ಪೊಲೀಸರ ಕೈಯಲ್ಲಿರುವ ಸಾಮಾನುಗಳನ್ನು ಲೆಕ್ಕ ಹಾಕಿ. ಸಾಗಣೆಗೆ ನ್ಯಾಯ ಸಂಹಿತೆಯ 143ನೇ ಕಲಂ, ಅಪ್ರಾಪ್ತರನ್ನು ಮಾರುವ, ಕೊಳ್ಳುವವರಿಗೆ 98 ಮತ್ತು 99, ಮಕ್ಕಳ ಮೇಲಿನ ದೌರ್ಜನ್ಯಕ್ಕೆ 2012ರ ಪೋಕ್ಸೊ, ಪಿಟಾ ಕಾಯ್ದೆಯಲ್ಲೇ ಕರೆತರುವವರಿಗೆ 5, ಕೂಡಿಹಾಕುವವರಿಗೆ 6. ಯಾವುದೂ ಹೋಗಬೇಕಿಲ್ಲ. ಹೋಗಬೇಕಾದದ್ದು 8 ಮತ್ತು 20, 7ರಲ್ಲಿ ಆಕೆಗೆ ಶಿಕ್ಷೆ ಕೊಡುವ ಭಾಗ, 4ರಲ್ಲಿ ತಾಯಿ ಮಕ್ಕಳನ್ನು ಅಪರಾಧಿಗಳೆಂದು ಊಹಿಸುವ ಮಾತು, 2ರಲ್ಲಿ ಇಬ್ಬರಾದರೆ ವೇಶ್ಯಾಗೃಹ ಎನ್ನುವ ವ್ಯಾಖ್ಯೆ. ಇಷ್ಟೇ. ಹೊಸ ಹುಡುಗಿಯೊಬ್ಬಳನ್ನು ಎಲ್ಲಿಂದಲೋ ತಂದು ಕೂಡಿಹಾಕಿದ್ದು ಮೊದಲು ಗೊತ್ತಾಗುವುದು ಅದೇ ಕೆಲಸದ ಹೆಂಗಸರಿಗೆ. ಆಕೆ ಠಾಣೆಗೆ ಬಂದು ಹೇಳಬೇಕಾದರೆ ತನ್ನನ್ನೇ ಒಳಗೆ ಹಾಕುವುದಿಲ್ಲ ಎಂಬ ಧೈರ್ಯ ಬೇಕು. ಸೋನಾಗಾಚಿಯ ಲೈಂಗಿಕ ಕಾರ್ಯಕರ್ತೆಯರ ದುರ್ಬಾರ್ ಸಂಘಟನೆ ಸ್ವಯಂ ನಿಯಂತ್ರಣ ಮಂಡಳಿಗಳನ್ನು ಮಾಡಿಕೊಂಡು, ಹೊಸದಾಗಿ ಬಂದವಳ ವಯಸ್ಸು, ಒಪ್ಪಿಗೆ ವಿಚಾರಿಸುವ ಪದ್ಧತಿ ತಂದದ್ದು ಆ ಧೈರ್ಯದಿಂದ.

ಬರೀ ಒಡೆದುಹಾಕಿದರೆ ಏನಾಗುತ್ತದೆ ಎಂದು ನೋಡಲು ದೂರ ಹೋಗಬೇಕಿಲ್ಲ. ಗೋವಾದ ವಾಸ್ಕೋದಲ್ಲಿ ಬೈನಾ ಕಡಲಂಚಿನ ಓಣಿ ಇತ್ತು, ಅಲ್ಲಿ ನಮ್ಮ ಕಡೆಯ ಹೆಂಗಸರು ಬಹಳ ಇದ್ದರು. 2004ರ ಮಳೆಗಾಲದಲ್ಲಿ ಬುಲ್ಡೋಜರ್ ತಂದು ಕೆಡವಿದರು. ಧಂದೆ ಸಾಯಲಿಲ್ಲ. ಲಾಡ್ಜುಗಳಿಗೆ, ಬೇರೆ ಊರುಗಳಿಗೆ ಚದುರಿತು. ಆರೋಗ್ಯ ಕಾರ್ಯಕರ್ತರಿಗೆ ಆ ಹೆಂಗಸರ ಸಂಪರ್ಕ ತಪ್ಪಿತು, ದಲ್ಲಾಳಿಗಳಿಗೆ ತಪ್ಪಲಿಲ್ಲ.

ನಮ್ಮ ಕಡೆ ಇದು ದೇವದಾಸಿ ಪದ್ಧತಿಯಿಂದ ಬಂದದ್ದು. ಅದನ್ನ ‘ಕೆಲಸ’ ಅಂತ ಕರೆಯೂದು ಸರೀನ?

ಈ ಪ್ರಶ್ನೆಯ ಮುಂದೆ ನಾನು ನಿಧಾನವಾಗುತ್ತೇನೆ. ಸವದತ್ತಿ ಎಲ್ಲಮ್ಮನ ಗುಡ್ಡ ಧಾರವಾಡಕ್ಕೆ ಎಷ್ಟು ಹತ್ತಿರ ಎಂದು ಎಲ್ಲರಿಗೂ ಗೊತ್ತು. ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದವರು ಬಹುಪಾಲು ದಲಿತ ಹೆಣ್ಣುಮಕ್ಕಳು. ಧಾರವಾಡ ಬಾಂಬೆ ಪ್ರಾಂತ್ಯದಲ್ಲಿದ್ದಾಗಲೇ 1934ರ ದೇವದಾಸಿ ರಕ್ಷಣಾ ಕಾಯ್ದೆ ಬಂತು, ಗದಗ ಹಾವೇರಿ ಆಗ ಧಾರವಾಡ ಜಿಲ್ಲೆಯವೇ. ನಂತರ ಕರ್ನಾಟಕದ 1982ರ ಕಾಯ್ದೆ. ಹಾಗಿದ್ದೂ 1993–94 ಮತ್ತು 2007–08ರ ಸರ್ಕಾರಿ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಗುರುತಿಸಿದ್ದು 46,660 ಮಂದಿಯನ್ನು.

1936ರ ಜೂನ್‌ನಲ್ಲಿ ಮುಂಬೈನಲ್ಲಿ ಅಂಬೇಡ್ಕರರು ದೇವದಾಸಿ, ಜೋಗತಿಯರನ್ನು ಸೇರಿಸಿ ಮಾತಾಡುತ್ತಾ, ಈ ಬದುಕನ್ನು ಬಿಡಿ, ಸಮುದಾಯದ ಮಾನದ ಪ್ರಶ್ನೆ ಇದು ಎಂದರು. ಇಂದಿಗೂ ಅನೇಕ ದಲಿತ ಸ್ತ್ರೀವಾದಿಗಳು ಅದೇ ನೆಲೆಯಲ್ಲಿ ಕೇಳುತ್ತಾರೆ: ಜಾತಿ ಹೊರಿಸಿದ ಗುಲಾಮಗಿರಿಗೆ ವೃತ್ತಿ ಎಂಬ ಹೆಸರಿಟ್ಟು ಯಾರ ಆತ್ಮಸಾಕ್ಷಿಯನ್ನು ಸಮಾಧಾನ ಮಾಡುತ್ತೀರಿ? ಇನ್ನೊಂದು ಕಡೆ, ಸಾಂಗ್ಲಿಯಲ್ಲಿ 1996ರಲ್ಲಿ ಹುಟ್ಟಿದ, ಲೈಂಗಿಕ ಕಾರ್ಯಕರ್ತೆಯರ ವ್ಯಾಂಪ್ ಸಂಘಟನೆಯಲ್ಲಿ ದೇವದಾಸಿ ಮನೆತನದ ಹೆಂಗಸರೂ ಇದ್ದಾರೆ. ನಮ್ಮ ದುಡಿಮೆಯಿಂದ ಮನೆ ಕಟ್ಟಿದ್ದೇವೆ, ಮಕ್ಕಳನ್ನು ಓದಿಸಿದ್ದೇವೆ, ನಮ್ಮ ಪರವಾಗಿ ನೀವು ಅಳಬೇಡಿ ಎನ್ನುತ್ತಾರೆ.

ಇವರಿಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಅನ್ನಿಸುವುದಿಲ್ಲ. ಹುಡುಗಿಗೆ ಮುತ್ತು ಕಟ್ಟುವುದು ಅಪರಾಧ, ಅಪರಾಧವಾಗಿಯೇ ಇರಬೇಕು, ಅದರಲ್ಲಿ ಚೌಕಾಸಿ ಇಲ್ಲ. ಆದರೆ ಹತ್ತು ವರ್ಷದಲ್ಲಿ ಮುತ್ತು ಕಟ್ಟಿಸಿಕೊಂಡು ಇಂದು ನಲವತ್ತು ದಾಟಿದವಳನ್ನು 8ನೇ ಕಲಂನಡಿ ಹಿಡಿದು ದಂಡ ಕಟ್ಟಿಸಿದರೆ ಯಾವ ಜಾತಿ ಅನ್ಯಾಯ ಸರಿಹೋಯಿತು? ಇದನ್ನು ಕೆಲಸ ಎನ್ನಿ, ಶೋಷಣೆ ಎನ್ನಿ, ಆಕೆಗೆ ಶಿಕ್ಷೆ ಬೇಡ ಎಂಬಲ್ಲಿ ಎರಡೂ ಕಡೆಯವರು ಸೇರಬಹುದು.

‘ಸ್ವಂತ ಇಚ್ಛೆ’ ಅಂತ ಹೇಳೂದೆಲ್ಲಾ ಸುಳ್ಳು. ಹೊಟ್ಟಿಗಿಲ್ಲದ್ದಕ್ಕ ಬರ್ತಾರ.

ಬಹಳ ಮಂದಿಯ ಮಟ್ಟಿಗೆ ನಿಜ. ಹೊಟ್ಟೆಗಿಲ್ಲದ್ದಕ್ಕೆ ಬಂದವಳನ್ನು ಜೈಲಿಗೆ ಕಳಿಸಬೇಕೆ ಎಂಬುದು ನನ್ನ ಮರುಪ್ರಶ್ನೆ.

ರಕ್ಷಣೆ ಮಾಡಿ ಪುನರ್ವಸತಿ ಕೊಡತಾರಲ್ಲ, ಅದು ಸಾಲದೇನು?

‘ರಕ್ಷಣೆ’ಯಾದ ವಯಸ್ಕಳನ್ನು 17ನೇ ಕಲಂನಡಿ ಮ್ಯಾಜಿಸ್ಟ್ರೇಟರು ಒಂದರಿಂದ ಮೂರು ವರ್ಷದವರೆಗೆ ಆಶ್ರಯಧಾಮದಲ್ಲಿ ಇಡಬಹುದು. ಬೀಗ ಹೊರಗಿನಿಂದ. ಮನೆಯಲ್ಲಿ ಮಕ್ಕಳಿಗೆ ರೊಟ್ಟಿ ಬಡಿಯುವವರು ಯಾರು? ಹೊರಗೆ ಬಂದಾಗ ಬಾಡಿಗೆ ಮನೆ ಕೈಬಿಟ್ಟಿರುತ್ತದೆ, ಸಾಲ ಬಡ್ಡಿ ಸೇರಿ ಬೆಳೆದಿರುತ್ತದೆ. ಸಾಲ ತೀರಿಸಲು ಮತ್ತೆ ಅದೇ ಬಸ್ಸು.

ಬಿಡಬೇಕು ಎನ್ನುವವಳಿಗೆ ಬಿಡಲು ದುಡ್ಡು, ಮನೆ ಬೇಕು. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದಲ್ಲಿ ‘ದಮನಿತ ಮಹಿಳೆ’ಯರಿಗಾಗಿ ಚೇತನ ಎಂಬ ಯೋಜನೆ ಇದೆ, ಸಣ್ಣ ವ್ಯಾಪಾರಕ್ಕೆ ಸಹಾಯಧನ. ಮೊತ್ತ ಚಿಕ್ಕದು. ಆದರೆ ಅದು ಬೀಗ ಹಾಕುವುದಿಲ್ಲ, ಅಷ್ಟರ ಮಟ್ಟಿಗೆ ಸರಿಯಾದ ದಿಕ್ಕು. ಕೊರೊನಾ ಕಾಲದಲ್ಲಿ, 2020ರ ಸೆಪ್ಟೆಂಬರಿನಲ್ಲಿ, ಗುರುತಿನ ಚೀಟಿ ಕೇಳದೆ ಈ ಹೆಂಗಸರಿಗೆ ರೇಷನ್ ಕೊಡಿ ಎಂದು ಸುಪ್ರೀಂ ಕೋರ್ಟು ಆದೇಶಿಸಿತು. ಪುನರ್ವಸತಿ ಶುರುವಾಗಬೇಕಾದದ್ದು ಅಂಥ ಕಡೆಯಿಂದ.

ಇದನ್ನೆಲ್ಲಾ ಒಪ್ಪಿದ್ರ ನಾಳೆ ನಮ್ಮ ಓಣ್ಯಾಗ ಶುರುವಾಗತೈತಿ.

ಬಹುಶಃ ಈಗಲೇ ಇದೆ, ನಿಮಗೆ ಗೊತ್ತಿಲ್ಲ. ಗದ್ದಲ, ಕುಡಿತ, ಜಗಳವಾದರೆ ಯಾವ ಮನೆಯ ಮೇಲೆ ಹಾಕುವ ಕೇಸನ್ನೂ ಆ ಮನೆಯ ಮೇಲೂ ಹಾಕಬಹುದು. ಅದಕ್ಕೆ ಪಿಟಾ ಬೇಕಿಲ್ಲ.

ಕಾಯ್ದೆ ಕೇಂದ್ರದ್ದು. ಬೆಂಗಳೂರಿನವರು ಏನ್ ಮಾಡಾಕ ಬರತೈತಿ?

ತಿದ್ದುಪಡಿ ಸಂಸತ್ತಿನ ಕೆಲಸ, ಖರೆ. ಆದರೆ ಪೊಲೀಸರು ರಾಜ್ಯದವರು. ಕಾಯ್ದೆಯೊಳಗೇ ಇರುವ ನಿಯಮಗಳನ್ನು ಪಾಲಿಸಿದರೆ ಅರ್ಧ ಕಿರುಕುಳ ಕಡಿಮೆಯಾಗುತ್ತದೆ. 15ನೇ ಕಲಂ ಪ್ರಕಾರ ದಾಳಿಗೆ ಕನಿಷ್ಠ ಇಬ್ಬರು ಮಹಿಳಾ ಪೊಲೀಸರು ಇರಬೇಕು. ಪಂಚರಲ್ಲಿ ಒಬ್ಬಳಾದರೂ ಹೆಂಗಸು ಇರಬೇಕು. ವಿಚಾರಣೆ ಮಾಡುವವಳು ಮಹಿಳಾ ಅಧಿಕಾರಿಯಾಗಿರಬೇಕು, ಅಂಥವರು ಸಿಗದಿದ್ದರೆ ಮಾನ್ಯತೆ ಪಡೆದ ಕಲ್ಯಾಣ ಸಂಸ್ಥೆಯ ಹೆಂಗಸೊಬ್ಬರ ಎದುರಿನಲ್ಲೇ ವಿಚಾರಣೆ ಆಗಬೇಕು. ದಾಳಿಗೆ ಕ್ಯಾಮೆರಾದವರನ್ನು ಕರೆದೊಯ್ಯಿರಿ ಎಂದು ಯಾವ ಕಲಂನಲ್ಲೂ ಬರೆದಿಲ್ಲ. ಮುಖಕ್ಕೆ ಸೆರಗು ಮುಚ್ಚಿಕೊಂಡ ಹೆಂಗಸರ ಸಾಲಿನ ಫೋಟೋ ಹಾಕಿ ‘ಮಹಿಳೆಯರ ರಕ್ಷಣೆ’ ಎಂದು ಶೀರ್ಷಿಕೆ ಕೊಡುವ ಪತ್ರಿಕೆಗಳವರು ಆ ಸೀರೆಯ ಬಣ್ಣದಿಂದಲೇ ಊರಿನವರು ಗುರುತು ಹಿಡಿಯುತ್ತಾರೆ ಎಂದು ಯೋಚಿಸಿದಂತೆ ಕಾಣುವುದಿಲ್ಲ.

2017ರಲ್ಲಿ ಜಯಮಾಲಾ ಅವರ ಅಧ್ಯಕ್ಷತೆಯ ಸಮಿತಿ ಈ ಹೆಂಗಸರ ಸ್ಥಿತಿಗತಿ ಕುರಿತು ರಾಜ್ಯಕ್ಕೆ ವರದಿ ಕೊಟ್ಟಿದೆ. ಕೆಲಸ ಶುರುಮಾಡಲು ಅದು ಸಾಕು.

ಮಕ್ಕಳು? ಅವ್ವನ ಕೂಡ ಇದ್ರ ಹಾಳಾಗೂದಿಲ್ಲೇನು?

ತಾಯಿ ಈ ಕೆಲಸದಲ್ಲಿದ್ದಾಳೆ ಎಂಬ ಒಂದೇ ಕಾರಣಕ್ಕೆ ಮಗುವನ್ನು ಅಗಲಿಸಬಾರದು ಎಂಬುದು 2022ರ ಶಿಫಾರಸುಗಳಲ್ಲಿ ಒಂದಾಗಿತ್ತು. ಕೇಂದ್ರ ತಕರಾರು ತೆಗೆದದ್ದರಲ್ಲಿ ಅದೂ ಸೇರಿದೆ. ಈ ಮಕ್ಕಳಿಗೆ ಬೇಕಾದದ್ದು ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿಗೆ ಪೀಡಿಸದ ಮಾಸ್ತರು, ಓದಲು ಒಳ್ಳೆಯ ಹಾಸ್ಟೆಲು. ತಾಯಿಯೇ ಕಳಿಸುತ್ತಾಳೆ.

ಈಗ, ಈ ಕಾನೂನಿರೂ ಹೊತ್ತಿನಾಗ, ಯಾರರ ರೇಡ್‌ನಾಗ ಸಿಕ್ಕೊಂಡ್ರ ಏನ್ ಮಾಡಬೇಕು?

ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ ಹಕ್ಕು ಅದು, ಭಿಕ್ಷೆಯಲ್ಲ. 15100ಕ್ಕೆ ಫೋನ್ ಮಾಡಬಹುದು, ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೂ ಹೋಗಬಹುದು. ಓದಿ ತಿಳಿಯದೆ ಯಾವ ಕಾಗದಕ್ಕೂ ಸಹಿ, ಹೆಬ್ಬೆಟ್ಟು ಹಾಕಬಾರದು. ಖಾಲಿ ಹಾಳೆಗಂತೂ ಇಲ್ಲವೇ ಇಲ್ಲ. ಮ್ಯಾಜಿಸ್ಟ್ರೇಟರ ಮುಂದೆ ವಯಸ್ಸಿನ ದಾಖಲೆ ಕೊಡಿ, ಮನೆಯಲ್ಲಿ ಮಕ್ಕಳಿದ್ದಾರೆ ಎಂದು ಬಾಯಿಬಿಟ್ಟು ಹೇಳಿ. ವಿಚಾರಣೆ ಮುಗಿಯುವ ತನಕ ಇಡಲು ಮೂರು ವಾರದ ಮಿತಿ ಇದೆ. ಆಶ್ರಯಧಾಮಕ್ಕೆ ಕಳಿಸಿದರೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕಲು ಅವಕಾಶವಿದೆ.

ಹೊಡೆತ, ಬಲಾತ್ಕಾರ ಆಗಿದ್ದರೆ 112 ಅಥವಾ 181. ಮಕ್ಕಳು ಸಿಕ್ಕಿಕೊಂಡಿದ್ದರೆ 1098. ಆರೋಗ್ಯದ ಮಾತು, ಹೆಸರು ಹೇಳದೆ ಕೇಳಬೇಕಿದ್ದರೆ 1097. ಪೊಲೀಸರು ಫೋನ್ ತೆಗೆದುಕೊಂಡರೆ ಅದು ಪಂಚನಾಮೆಯಲ್ಲಿ ನಮೂದಾಗಿದೆಯೇ ಎಂದು ವಕೀಲರಿಂದ ಕೇಳಿಸಿ. ಆ ಫೋನಿನಲ್ಲಿ ಬೇರೆ ಹೆಂಗಸರ ನಂಬರುಗಳೂ ಇರುತ್ತವೆ.